ಲಾರಿಸಾಳ ಲಟ್ಟಣಿಗೆ

ಮೊಮ್ಮಗಳು ಲಾರಿಸಾಳ ಪಿರೋಹಿ ಕಡುಬಿಗೆಂದೇ ಬೇರೆ ಇಟ್ಟಿದ್ದ ಲಟ್ಟಣಿಗೆಯನ್ನು ಪರಾಸ್ಕಾ ಅಜ್ಜಿ ಬಟ್ಟೆಯಲ್ಲಿ ಸುತ್ತತೊಡಗಿದಳು. ಫೋನಿನಲ್ಲಿ ರಕ್ತಪರೀಕ್ಷೆಯ ಅಂಕಿ ಕೆಂಪಾಗಿತ್ತು. ಗೋಧಿ ಒಗ್ಗದ ಹುಡುಗಿಯ ರಕ್ತದಲ್ಲಿ, ಗೋಧಿ ಹೊಟ್ಟೆಗೆ ಹೋದರೆ ಏರುವ ಆ್ಯಂಟಿಬಾಡಿ ನಲವತ್ತೆರಡು, ಹದಿನೈದರೊಳಗೆ ಇರಬೇಕಿತ್ತು.

"ಇನ್ಮೇಲೆ ನಿಮ್ಮಮ್ಮನೇ ಮಾಡ್ಲಿ ಕಣೇ. ಜೀವನಪೂರ್ತಿ ಗೋಧಿ ಹಿಟ್ಟಲ್ಲೇ ಆಡಿದ ಕೈ ಇದು, ಎಲ್ಲೋ ತಾಗಿಸಿಬಿಟ್ಟಿದೀನಿ."

"ಸುಮ್ನೆ ನಿನ್ನನ್ನೇ ಬೈಕೋಬೇಡ ಅಜ್ಜಿ. ಹಿಂದಿನದ್ದು ನೋಡು." ಲಾರಿಸಾ ಪರದೆ ಸರಿಸಿದಳು. ಆರು ತಿಂಗಳ ಹಿಂದೆ, ಗೋಧಿ ಬಿಡುವ ಮೊದಲು, ಇನ್ನೂರ ಹತ್ತು ಇತ್ತು. "ಇದು ಒಂದೇ ಸಲ ಇಳಿಯಲ್ವಂತೆ, ನಿಧಾನವಾಗಿ ಇಳಿಯುತ್ತಂತೆ. ದಿನಾ ನಿನ್ನ ಕೈ ತಪ್ತಿದ್ರೆ ಇಷ್ಟು ಇಳೀತಿತ್ತಾ?"

ಅಜ್ಜಿ ಎರಡೂ ಅಂಕಿಗಳನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಬಟ್ಟೆ ಬಿಚ್ಚಿ, ಲಟ್ಟಣಿಗೆಗೆ ಅಕ್ಕಿ ಹಿಟ್ಟು ಸವರಿದಳು.

"ಹೂರಣಕ್ಕೆ ಆಲೂಗಡ್ಡೆ ಸುಲಿ, ಡಾಕ್ಟರಮ್ಮ."