ನೋವಾದ್ರೆ ಕೈ ಎತ್ತಿ

ಶಾಸಕರಿಗೆ ಬೆಳಗಿನಿಂದ ಹಲ್ಲುನೋವು. ಊರಿನ ಹಲ್ಲಿನ ಡಾಕ್ಟರಮ್ಮ ಅವರನ್ನು ಕುರ್ಚಿಯಲ್ಲಿ ಒರಗಿಸಿ, ಬಾಯಿಯ ಮೇಲೆ ದೀಪ ಎಳೆದುಕೊಂಡು, ಗ್ಲೌಸ್ ಹಾಕುತ್ತಲೇ ಮಾತು ಶುರುಮಾಡಿದರು.

“ಸಾರ್, ಸರ್ಕಾರಿ ವಿಮೆ ಕಾರ್ಡಿನವರನ್ನ ನೋಡಿದ್ರೆ ಡಾಕ್ಟರಿಗೆ ಬರೋ ದುಡ್ಡನ್ನ ಅರ್ಧ ಮಾಡ್ತಾರಂತೆ. ನಾಳೆ ನಿಮ್ಮ ಸಮಿತೀಲಿ ಕೈ ಎತ್ತಿಸಿ ಪಾಸ್ ಮಾಡ್ತಾರಂತೆ. ನೀವು ಎತ್ಬೇಡಿ ಸಾರ್.”

“ನಿಮಗೇನಮ್ಮ ಕಮ್ಮಿ? ಹಲ್ಲಿಗೊಂದು ಸೈಟ್ ಮಾಡಿರ್ತೀರಾ!”

“ಕ್ಲಿನಿಕ್ ಬಾಡಿಗೆ ಕಟ್ಟೋಕೇ ಆಗಲ್ಲ ಸಾರ್. ಹೊರಗೆ ಬೆಂಚಲ್ಲಿ ಕೆನ್ನೆ ಹಿಡ್ಕೊಂಡು ಕೂತಿದ್ದಾರಲ್ಲ, ಎಲ್ಲಾ ಕಾರ್ಡಿನವರೇ. ಅವರನ್ನ ವಾಪಸ್ ಕಳಿಸ್ಬೇಕಾಗತ್ತೆ.”

“ನಂಗೆ ಅರ್ಥ ಆಗತ್ತಮ್ಮ. ಆದ್ರೆ ಈ ಕೈ ನನ್ನ ಮಾತು ಕೇಳಲ್ಲ. ಪಕ್ಷ ಎತ್ತು ಅಂದ್ರೆ ಏಳತ್ತೆ, ಇಳಿಸು ಅಂದ್ರೆ ಇಳಿಯತ್ತೆ. ಯಾಕೆ ಅಂತ ಅದಕ್ಕೂ ಗೊತ್ತಿರಲ್ಲ!”

ತಮ್ಮ ಜೋಕಿಗೆ ತಾವೇ ಜೋರಾಗಿ ನಕ್ಕ ಶಾಸಕರು, ಹಲ್ಲು ಚಳಕ್ ಎಂದಿದ್ದಕ್ಕೆ ಕೆನ್ನೆ ಹಿಡಿದುಕೊಂಡರು. ಡಾಕ್ಟರಮ್ಮನೂ ನಕ್ಕರು. ಒಸಡಿಗೆ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು, ಬಾಯಿ ತುಂಬ ಹತ್ತಿ ತುರುಕಿದರು.

“ಇನ್ನು ಮಾತಾಡೋಕಾಗಲ್ಲ ಸಾರ್. ನೋವಾದ್ರೆ ಕೈ ಎತ್ತಿ, ತಕ್ಷಣ ನಿಲ್ಲಿಸ್ತೀನಿ.”

ಡ್ರಿಲ್ಲು ಗುಂಯ್ ಎಂದು ಒಳಗಿಳಿಯಿತು. ಒಂದು ಕ್ಷಣ ಎಲ್ಲ ಸರಿಯಿತ್ತು. ಆಮೇಲೆ ಶಾಸಕರ ಕಣ್ಣು ಅಗಲವಾಯಿತು, ಬಲಗೈ ಸೀದಾ ದೀಪದ ಎತ್ತರಕ್ಕೆ ಹೋಯಿತು.

ಡಾಕ್ಟರಮ್ಮ ಡ್ರಿಲ್ಲು ನಿಲ್ಲಿಸದೆ, ಅವರ ಕಿವಿಯ ಹತ್ತಿರ ಬಗ್ಗಿ ಕೇಳಿದರು.

“ಇದು ನೋವಾಗಿ ಎತ್ತಿದ್ದಾ ಸಾರ್, ಇಲ್ಲ ಪಕ್ಷ ಎತ್ತು ಅಂದಿದ್ದಕ್ಕಾ?”