ಗಾಜಿನ ಬಾಗಿಲ ಹಲಗೆ

"ಇವತ್ತೂ ಬರೆದಿದ್ದಾನೆ, ಹಾಳಾದವನು!"

ಸ್ಟೇಷನ್ ಮಾಸ್ಟರ್ ಬಾಲಸುಬ್ರಮಣಿಯನ್ ಅವರ ಕೂಗು ಪ್ಲಾಟ್‌ಫಾರಂ ದಾಟಿ, ಗೇಟಿನಾಚೆ ನಿಂತ ಎತ್ತಿನ ಗಾಡಿಗಳವರೆಗೂ ಕೇಳಿಸಿತು. ಕರಿಹಲಗೆಯ ಮೇಲೆ ಅವರೇ ಬರೆದ ಇಂಗ್ಲಿಷ್ ಸಾಲಿತ್ತು. ಅದರ ಕೆಳಗೆ ಯಾರೋ ಸೀಮೆಸುಣ್ಣದಲ್ಲಿ ಗೀಚಿದ ಕನ್ನಡ. ಕೊಳ್ಳೇಗಾಲದಲ್ಲಿ ಓದಿ ಬಂದ ಮಾಸ್ಟರಿಗೆ ಕನ್ನಡ ಸಲೀಸು.

"ಧೈರ್ಯ ನೋಡಿ! 'ಗುಡ್ಡ ಕುಸಿದಿದೆ, ಬೆಳಗಿನ ಕೂನೂರು ರೈಲು ಬರುವುದಿಲ್ಲ' ಅಂತೆ! ಕೇಳಿಸಿತೇನ್ರೀ? ಬೆಳಗಿನ ರೈಲು ಬರುವುದಿಲ್ಲವಂತೆ!"

ಬೈದು ಬೈದು ಓದಿ, ಒದ್ದೆ ಬಟ್ಟೆಯಿಂದ ಹಲಗೆ ಉಜ್ಜಿದರು. ಆಲೂಗಡ್ಡೆ ಮೂಟೆ ಇಳಿಸಿಕೊಂಡು ಕೂತಿದ್ದ ಹಟ್ಟಿಯ ಹೆಂಗಸರು ಎದ್ದು ಎತ್ತಿನ ಗಾಡಿಗಳ ಕಡೆ ನಡೆದರು.

ಪೋರ್ಟರ್ ಭೋಜನ್ ಹಲ್ಲು ಕಚ್ಚಿ ನಿಂತಿದ್ದ. ಈ ಮನುಷ್ಯನನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

ಉರಿಗೆ ಕಾರಣವಿತ್ತು. ಹೋದ ಮಳೆಗಾಲದಲ್ಲಿ, ಅವನಿನ್ನೂ ಈ ಕೆಲಸಕ್ಕೆ ಸೇರುವ ಮುಂಚೆ, ಜ್ವರ ಬಂದ ತಂಗಿ ಹಾಲಿಯನ್ನು ಕೂನೂರಿನ ಆಸ್ಪತ್ರೆಗೆ ಒಯ್ಯಲೆಂದು ಇದೇ ಹಲಗೆಯ ಕೆಳಗೆ ಕಂಬಳಿ ಹೊದಿಸಿ ಕೂರಿಸಿದ್ದ. ರೈಲಿಲ್ಲವೆಂದು ಹಲಗೆ ಬೆಳಗ್ಗೆಯೇ ಹೇಳಿತ್ತು, ಇಂಗ್ಲಿಷಿನಲ್ಲಿ! ಸುದ್ದಿಯೆಲ್ಲ ಇಂಗ್ಲಿಷಿನಲ್ಲಿ ಹಲಗೆಯ ಮೇಲೇ ಇರಬೇಕು, ಸಿಬ್ಬಂದಿ ಬಾಯಿಬಿಟ್ಟು ಹೇಳಕೂಡದು ಎಂದು ಮೇಲಿನವರ ಹುಕುಂ. ಮಾಸ್ಟರ್ ಹುಕುಂ ಪಾಲಿಸಿಕೊಂಡು ಒಳಗೇ ಕೂತಿದ್ದರು. ಸಂಜೆ ಎತ್ತಿನ ಗಾಡಿ ಹೂಡಿಸುವಷ್ಟರಲ್ಲಿ ಹಾಲಿ ಹೋಗಿಬಿಟ್ಟಿದ್ದಳು.

ಅವಳ ಕರ್ಮ ಮುಗಿಸಿ ಭೋಜನ್ ಹಟ ಹಿಡಿದು ಇಲ್ಲೇ ಪೋರ್ಟರ್ ಆದ. ಇನ್ನೊಬ್ಬರು ಹಾಗೆ ಕೂರಬಾರದು ಎಂಬುದೊಂದೇ ಅವನ ಆಸೆ. ಆ ವಾರದಿಂದಲೇ ಹಲಗೆಯ ಮೇಲೆ ಕನ್ನಡ ಕಾಣಿಸಿಕೊಂಡಿತು. ಬರೆದವನು ಯಾರೇ ಇರಲಿ, ಅವನ ಹೊಟ್ಟೆ ತಣ್ಣಗಿರಲಿ ಎಂದು ಭೋಜನ್ ಮನಸ್ಸಿನಲ್ಲೇ ಹರಸಿದ್ದ. ಆದರೆ ಬರೆಯುವವನು ಭೋಜನ್‌ನೇ ಎಂದು ಊರಿನ ಕಣ್ಣೆಲ್ಲ ಅವನ ಮೇಲೇ ಇತ್ತು.

ಸುದ್ದಿ ಮೇಲಕ್ಕೆ ಮುಟ್ಟಿತು. ದಾರಿ ತೆರವಾದ ಮೇಲೆ ಇನ್‌ಸ್ಪೆಕ್ಟರ್ ದೊರೆ ಬಡಗಿಯ ಸಮೇತ ಬಂದಿಳಿದ. ಹಲಗೆಗೆ ಗಾಜಿನ ಬಾಗಿಲು ಬಂತು, ಹಿತ್ತಾಳೆ ಬೀಗ ಬಂತು. ಕೀಲಿ ಒಂದೇ. ಅದು ಮಾಸ್ಟರ ಕೈ ಸೇರಿತು.

ದೊರೆ ಭೋಜನ್ ಕಡೆ ಬೆತ್ತ ತೋರಿಸಿ ಏನೋ ಗುಡುಗಿದ.

"ತಲೆಬಟ್ಟೆ ತೆಗೆದು ಮಾತಾಡಬೇಕಂತೆ," ಎಂದರು ಮಾಸ್ಟರ್.

"ತೆಗೆಯೋದಿಲ್ಲೆ. ಎಮ್ಮ ಹಟ್ಟಿಲಿ ಹಿರಿಯರ ಮುಂದೆ ಮಾತ್ರ ಮಂಡೆಬಟ್ಟೆ ಬಿಚ್ಚೋದು. ಅವರು ಮಂಡೆ ಮೇಲೆ ಕೈಯಿಟ್ಟು ಹರಸ್ತಾರೆ. ಈ ದೊರೆ ಹರಸ್ತಾನಾ, ಕೇಳಿ!"

ಮಾಸ್ಟರ್ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಬಹಳ ಚಿಕ್ಕದು ಮಾಡಿದರು. ದೊರೆ ಇನ್ನಷ್ಟು ಗುಡುಗಿದ.

"ಬರೆದವನು ನೀನೇ ಅಂತೆ."

"ನಾ ಬರೆಯೋದಿರಲಿ, ಎನಗೆ ಓದಕೂ ಬಾರದು. ಎಮ್ಮ ಹಟ್ಟಿಲಿ ಯಾರಿಗೂ ಬಾರದು. ಬರೆದವ ಯಾರೋ ಗೊತ್ತಿಲ್ಲೆ. ಗೊತ್ತಿದ್ದರೂ ಹೇಳೋನಲ್ಲ."

"ಹೇಳುವವನಲ್ಲ ಅಂತ ನನಗೂ ಗೊತ್ತು," ಎಂದ ಮಾಸ್ಟರ್ ದೊರೆಯ ತೀರ್ಪನ್ನು ತಿಳಿಸಿದರು. "ಇವತ್ತು ನೀನು ದೊರೆಗಳ ಜೊತೆ ಕೂನೂರಿಗೆ ಹೋಗಬೇಕು. ನಾಳೆ ಬೆಳಗ್ಗೆ ಹಲಗೆಯ ಮೇಲೆ ಕನ್ನಡ ಇಲ್ಲದಿದ್ದರೆ ಬರೆಯುತ್ತಿದ್ದವನು ನೀನೇ ಅಂತ ಲೆಕ್ಕ. ಕೆಲಸ ಹೋಗುತ್ತದೆ, ಜೈಲೂ ತಪ್ಪುವುದಿಲ್ಲ."

ಎಂಥ ನ್ಯಾಯ! ಗಾಜು ಮುಚ್ಚಿ ಬೀಗ ಜಡಿದ ಮೇಲೆ ಯಾವ ಪುಣ್ಯಾತ್ಮ ಬರೆದಾನು? ತನ್ನ ಕತೆ ಮುಗಿಯಿತೆಂದು ಭೋಜನ್‌ಗೆ ಅಲ್ಲೇ ತಿಳಿಯಿತು. ಆದರೂ ತಲೆಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದುಕೊಂಡೇ ರೈಲು ಹತ್ತಿದ. ಕಿಟಕಿಯಿಂದ ಮಾಸ್ಟರ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಬೆಳಗಿನ ರೈಲಿನಲ್ಲಿ ಇಬ್ಬರೂ ವಾಪಸು ಬಂದಿಳಿದರು. ದೊರೆ ನೇರ ಹಲಗೆಯ ಹತ್ತಿರ ಹೋದವನು ಅಲ್ಲೇ ನಿಂತ.

ಇಂಗ್ಲಿಷ್ ಸಾಲಿನ ಕೆಳಗೆ ಕನ್ನಡವಿತ್ತು. ಎಂದಿಗಿಂತ ದಪ್ಪ ಅಕ್ಷರ.

ದೊರೆ ಗಾಜಿನ ಮೇಲೆ ಕೈಯಾಡಿಸಿದ. ಒಂದು ಗೀರೂ ಇರಲಿಲ್ಲ. ಬೀಗ ಎಳೆದು ನೋಡಿದ. ಭದ್ರವಾಗಿತ್ತು. ಪಕ್ಕದಲ್ಲೇ ಮಾಸ್ಟರ್ ನಿಂತಿದ್ದರು. ಇವತ್ತು ಕೈಯಲ್ಲಿ ಒದ್ದೆ ಬಟ್ಟೆಯಿಲ್ಲ, ಬಾಯಲ್ಲಿ ಬೈಗುಳವಿಲ್ಲ.

ಅವರು ಕೋಟಿನ ಜೇಬಿನಿಂದ ಆ ಒಂದೇ ಕೀಲಿಯನ್ನು ತೆಗೆದು ದೊರೆಯ ಅಂಗೈಯಲ್ಲಿಟ್ಟರು. ಆಮೇಲೆ ರೈಲಿಗೆ ಕಾದು ಕೂತಿದ್ದ ಹಟ್ಟಿಯ ಹೆಂಗಸರ ಕಡೆ ತಿರುಗಿ, "ಕೇಳಿಸಿಕೊಳ್ಳಿ ಅಮ್ಮಾ, ಕೂನೂರಿಗೆ ಇಳಿಯುವ ರೈಲು ಇವತ್ತು ಮಧ್ಯಾಹ್ನದ ಮೇಲೆಯೇ," ಎಂದು ಮನೆಯವರಿಗೆ ಹೇಳುವಂತೆ ಓದಿದರು.

ಭೋಜನ್ ತಲೆಬಟ್ಟೆ ಬಿಚ್ಚಿ ಮಾಸ್ಟರ ಮುಂದೆ ಬಾಗಿ ನಿಂತ.