ಹೇಂಟೆಯ ಕೂಗು

ಗಂಡ ಆ ಮಾರ್ಚ್ ತಿಂಗಳ ಮೂರನೆಯ ಕಾಡುಹುಂಜವನ್ನು ತಂದು ಅವಳ ಮುಂದಿಟ್ಟ.

"ಹೊಡೆದದ್ದು ನಾನು, ಕರೆದದ್ದು ಪಕ್ಕದ ತೋಟದ ಪೂವಮ್ಮ. ಅವರು ಹೇಂಟೆಯ ಹಾಗೆ ಕೂಗಿದರೆ ಸಾಕು, ಹುಂಜ ಓಡಿ ಬರುತ್ತೆ ಮಾರಾಯ್ತಿ!"

"ಅಷ್ಟು ನಂಗೂ ಬರುತ್ತೆ."

"ನಿನ್ನ ಕೂಗಿಗೆ ಬಂದ ಹುಂಜವೂ ಓಡಿಹೋದೀತು!"

ಅವಳು ವಾರವಿಡೀ ಕೊಟ್ಟಿಗೆಯ ಹಿಂದೆ ನಿಂತು, ಅಂಗೈಗಳನ್ನು ಬಾಯಿಗೆ ಹಿಡಿದು, ಹೇಂಟೆಯ ಕೂಗನ್ನು ಕಲಿತಳು. ಭಾನುವಾರ ಬೆಳಗ್ಗೆ ಅವನು ಕೋವಿ ಹಿಡಿದು ಹೊರಟ ಮೇಲೆ, ಒಳದಾರಿಯಲ್ಲಿ ಕಾಡು ಹೊಕ್ಕಳು. ತನ್ನ ದನಿಗೂ ಹುಂಜ ಬರುವುದನ್ನು ಅವನು ಕಾಣಬೇಕು. ಪೊದೆಯ ಹಿಂದೆ ಕುಳಿತು ಎರಡು ಸಲ ಕೂಗಿದಳು.

ತರಗೆಲೆ ಸದ್ದಾಯಿತು. ಬಂದದ್ದು ಗಂಡ. ಕೋವಿಯನ್ನು ಮರಕ್ಕೊರಗಿಸಿ, ಕಾಫಿ ಹೂವಿನ ಗೊಂಚಲು ಹಿಡಿದು ನಗುತ್ತ ಬರುತ್ತಿದ್ದ.

"ಪೂವಿ, ಇವತ್ತೆಲ್ಲಿ ಅಡಗಿದ್ದೀಯೇ?"